ಮಂಗಳೂರಿನಲ್ಲಿರುವ ನಿರಾಶ್ರಿತ ಯುವಜನರಿಗೆ ಕಂಪ್ಯೂಟರ್ ತರಬೇತಿ: ಯಾವುದನ್ನು ಮೊದಲು ಕಲಿಸಬೇಕು?

ಕದ್ರಿಕಂಬಳ_ಮಾಸ್ತರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಸ್ನೇಹಿತರು ಸೇರಿ ಮಂಗಳೂರಿನಲ್ಲಿ ಪ್ರತಿ ಭಾನುವಾರ ಒಂದು ಕಂಪ್ಯೂಟರ್ ತರಗತಿ ನಡೆಸಬೇಕೆಂದಿದ್ದೇವೆ. ಸ್ಥಳ ಸಿಕ್ಕಿದೆ, ಹಳೆಯದಾದರೂ ತೊಂದರೆ ಕೊಡದ ಹತ್ತು ಹನ್ನೆರಡು ಕಂಪ್ಯೂಟರುಗಳಿವೆ, ಬಿಡುವಿನ ದಿನ ಬಂದು ಕಲಿಸಲು ಒಪ್ಪಿರುವ ಇಬ್ಬರು ಇಂಜಿನಿಯರುಗಳೂ ಇದ್ದಾರೆ. ಗೊಂದಲವಿರುವುದು ಏನನ್ನು ಕಲಿಸಬೇಕು ಎನ್ನುವುದರಲ್ಲಿ.

ಬರಲು ಆಸಕ್ತಿ ತೋರಿಸಿದವರಲ್ಲಿ ಕೆಲವರು ಬೈಲಕುಪ್ಪೆಯ ಟಿಬೆಟನ್ ನೆಲೆಯಿಂದ ಇಲ್ಲಿಗೆ ನರ್ಸಿಂಗ್ ಅಥವಾ ಬಿ.ಕಾಂ. ಓದಲು ಬಂದವರು. ಇನ್ನು ಕೆಲವರು 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನಿನ ವಶವಾಗುವ ಮೊದಲೇ ವಿದ್ಯಾರ್ಥಿಗಳಾಗಿ ಬಂದು, ಒಂದು ಪದವಿ ಮುಗಿದ ಮೇಲೆ ಇನ್ನೊಂದಕ್ಕೆ ಸೇರಿಕೊಂಡು ಉಳಿದಿರುವ ಅಫ್ಘಾನ್ ಯುವಕ ಯುವತಿಯರು. 2022ರ ಡಿಸೆಂಬರ್‌ನಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿದ ಮೇಲೆ ಈ ಯುವತಿಯರಿಗೆ ಊರಿಗೆ ಮರಳುವುದು ಎಂದರೆ ಓದಿದ್ದನ್ನೆಲ್ಲ ಕಟ್ಟಿಡುವುದು ಎಂದೇ ಆಗಿದೆ. ಇವರ ಜೊತೆಗೆ ಸುಳ್ಯದ ಕಡೆಯ ನಾಲ್ಕೈದು ಮಂದಿ ಇದ್ದಾರೆ. 1964ರ ಸಿರಿಮಾ–ಶಾಸ್ತ್ರಿ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಕರೆತಂದು ಸುಳ್ಯ, ಪುತ್ತೂರು ತಾಲೂಕುಗಳ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದ ತಮಿಳು ಕುಟುಂಬಗಳ ಮೊಮ್ಮಕ್ಕಳು ಇವರು. ಕಾನೂನಿನ ಪ್ರಕಾರ ಇವರು ನಿರಾಶ್ರಿತರಲ್ಲ, ಭಾರತದ ಪ್ರಜೆಗಳೇ ಎಂಬುದು ನಮಗೆ ಗೊತ್ತಿದೆ. ಆದರೂ ಕೇಳಿಕೊಂಡು ಬಂದವರನ್ನು ಬೇಡ ಎನ್ನಲು ಮನಸ್ಸಾಗಲಿಲ್ಲ.

ನಮ್ಮ ಇಂಜಿನಿಯರುಗಳಲ್ಲಿ ಒಬ್ಬರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸೋಣ ಎನ್ನುತ್ತಾರೆ. ಇನ್ನೊಬ್ಬರು, ಅದೆಲ್ಲ ಆಮೇಲೆ, ಮೊದಲು ಆನ್‌ಲೈನಿನಲ್ಲಿ ಬಿಡಿ ಕೆಲಸ ಹಿಡಿದು ಸಂಪಾದಿಸುವುದನ್ನು ಕಲಿಸೋಣ ಎನ್ನುತ್ತಾರೆ. ಸಹಾಯಧನ ಕೊಡಲು ಮುಂದೆ ಬಂದ ಹಿರಿಯರೊಬ್ಬರಿಗೆ ಉದ್ಘಾಟನಾ ಸಮಾರಂಭ ಆಗಬೇಕು, ಮೂರು ತಿಂಗಳ ಕೊನೆಗೆ ಪ್ರಮಾಣಪತ್ರ ವಿತರಣೆಯೂ ಆಗಬೇಕು. ಇಂತಹ ಕೆಲಸದಲ್ಲಿ ಅನುಭವ ಇರುವವರು ದಯವಿಟ್ಟು ತಿಳಿಸಿ: ಪಾಠಪಟ್ಟಿಯನ್ನು ಎಲ್ಲಿಂದ ಆರಂಭಿಸಬೇಕು?

ಮಣಿಪಾಲ_ಪುಟವಿನ್ಯಾಸ ಉತ್ತರಿಸಿದ್ದು:

ಸರ್, ಕಲಿತವರ ಕೈಗೆ ಯಾವ ಕೆಲಸಕ್ಕೆ, ಯಾರಿಂದ, ಯಾವ ದಾರಿಯಲ್ಲಿ ಹಣ ಬರಬಹುದು ಎಂಬುದನ್ನು ಮೊದಲು ನೋಡಿಕೊಂಡು, ಅಲ್ಲಿಂದ ಹಿಂದಕ್ಕೆ ಬಂದು ಪಾಠಪಟ್ಟಿ ಮಾಡಬೇಕು ಎನ್ನುವುದು ನನ್ನ ಅಭಿಪ್ರಾಯ. ಪೈಥಾನ್ ಬೇಕೋ ಬೇಡವೋ ಎಂಬ ಚರ್ಚೆಯಿಂದ ಆರಂಭಿಸಿದರೆ ನಿಮ್ಮ ಇಂಜಿನಿಯರುಗಳಿಗೆ ಗೊತ್ತಿರುವುದೇ ಪಾಠಪಟ್ಟಿ ಆಗಿಬಿಡುತ್ತದೆ.

ನಾನು ಬಹಳ ಕಾಲದಿಂದ ಮಣಿಪಾಲದಲ್ಲಿ ಪ್ರಿಪ್ರೆಸ್ ಕೆಲಸದಲ್ಲಿದ್ದೇನೆ. ಹೊರದೇಶದ ಪ್ರಕಾಶಕರ ಪುಸ್ತಕಗಳನ್ನು ಮುದ್ರಣಕ್ಕೂ ಇ-ಪುಸ್ತಕಕ್ಕೂ ಸಿದ್ಧಗೊಳಿಸುವ ಕೆಲಸ ನಮ್ಮದು. ಹಿಂದೆ ಇಲ್ಲಿ ನೂರಾರು ಮಂದಿಗೆ ಊಟ ಕೊಟ್ಟದ್ದು ಡೇಟಾ ಎಂಟ್ರಿ, ಅಂದರೆ ನೋಡಿ ಟೈಪ್ ಮಾಡುವ ಕೆಲಸ. ಅದನ್ನು ಈಗ ಸಾಫ್ಟ್‌ವೇರ್ ಮಾಡುತ್ತದೆ. ಧ್ವನಿ ಕೇಳಿ ಬರಹಕ್ಕೆ ಇಳಿಸುವ ಕೆಲಸದ ಹೆಚ್ಚಿನ ಪಾಲೂ ಹಾಗೆಯೇ ಹೋಯಿತು. ಆದುದರಿಂದ ಟೈಪಿಂಗ್ ಮತ್ತು ಎಕ್ಸೆಲ್ ಕಲಿಸಿ ಇವರಿಗೆ ಡೇಟಾ ಎಂಟ್ರಿ ಕೆಲಸ ಸಿಗುತ್ತದೆ ಎಂದು ಯಾರಿಗೂ ಹೇಳಬೇಡಿ. ಟೈಪಿಂಗ್ ಬೇಕು, ಆದರೆ ಅದೊಂದೇ ಈಗ ಯಾರಿಗೂ ಸಂಬಳ ತರುವುದಿಲ್ಲ.

ಹೆಚ್ಚುತ್ತಿರುವ ಕೆಲಸ ಬೇರೆ ಕಡೆ ಇದೆ. 2025ರ ಜೂನ್ 28ರಿಂದ ಯುರೋಪಿನ ಆಕ್ಸೆಸಿಬಿಲಿಟಿ ಕಾಯ್ದೆ ಜಾರಿಗೆ ಬಂದಿರುವುದರಿಂದ ಅಲ್ಲಿ ಮಾರುವ ಇ-ಪುಸ್ತಕಗಳನ್ನು ದೃಷ್ಟಿದೋಷ ಇರುವವರೂ ಬಳಸುವಂತೆ ಸಿದ್ಧಗೊಳಿಸಬೇಕು. ಅಧ್ಯಾಯದ ತಲೆಬರಹ, ಕೋಷ್ಟಕ, ಅಡಿಟಿಪ್ಪಣಿಗಳಿಗೆ ಅದು ಯಾವ ಭಾಗ ಎಂದು ತಂತ್ರಾಂಶಕ್ಕೆ ತಿಳಿಸುವ ಸರಿಯಾದ ಟ್ಯಾಗ್ ಹಾಕಬೇಕು, ಮುಖ್ಯವಾಗಿ ಪ್ರತಿಯೊಂದು ಚಿತ್ರಕ್ಕೂ ವಿವರಣೆ ಬರೆಯಬೇಕು. ಹೃದಯದ ಚಿತ್ರದ ಕೆಳಗೆ ‘ಹೃದಯದ ಚಿತ್ರ’ ಎಂದು ಬರೆದರೆ ಕಾಣದ ವಿದ್ಯಾರ್ಥಿಗೆ ಏನು ಸಿಕ್ಕಿತು? ನಾಲ್ಕು ಕೋಣೆಗಳು ಹೇಗಿವೆ, ಎಡ ಕೆಳಕೋಣೆಯ ಗೋಡೆ ಬಲದ್ದಕ್ಕಿಂತ ದಪ್ಪವಾಗಿದೆ, ಬಾಣದ ಗುರುತುಗಳು ರಕ್ತದ ಹರಿವನ್ನು ಎಲ್ಲಿಂದ ಎಲ್ಲಿಗೆ ತೋರಿಸುತ್ತವೆ ಎಂಬುದನ್ನು ಎರಡು ಮೂರು ವಾಕ್ಯಗಳಲ್ಲಿ ಇಂಗ್ಲಿಷಿನಲ್ಲಿ ಬರೆಯಬೇಕು. ಬಿ.ಇ. ಮುಗಿಸಿದವರು ಇಲ್ಲಿ ತಡವರಿಸುತ್ತಾರೆ. ನಿಮ್ಮ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಇದು ನಿತ್ಯದ ಪಾಠ. ಇದಕ್ಕೆ ಬೇಕಾದ ತಾಂತ್ರಿಕ ತಿಳಿವಳಿಕೆ ವರ್ಡ್‌ನ ಸ್ಟೈಲ್‌ಗಳು, ಸ್ವಲ್ಪ ಎಚ್‌ಟಿಎಂಎಲ್ (ಜಾಲಪುಟ ಬರೆಯುವ ಸಂಕೇತಭಾಷೆ) ಮತ್ತು ಇ-ಪುಸ್ತಕದ ಇ-ಪಬ್ ಫೈಲಿನ ಒಳರಚನೆ. ಕಂಪ್ಯೂಟರಿನ ಪರಿಚಯ ಇರುವವರಿಗೆ ಮೂರು ತಿಂಗಳ ಭಾನುವಾರಗಳು ಸಾಕಾಗುತ್ತವೆ.

ಆದರೆ ಕೆಲಸಕ್ಕೆ ತೆಗೆದುಕೊಳ್ಳಬೇಕಾದ ಸಂಸ್ಥೆ ಯಾವ ದಾಖಲೆ ಕೇಳುತ್ತದೆ ಎಂಬುದು ನನ್ನ ವಿಷಯವಲ್ಲ. ಅದನ್ನು ತಿಳಿದವರು ಹೇಳಲಿ.

ಉಳ್ಳಾಲ_ಸಂಜೆಪಾಠ ಉತ್ತರಿಸಿದ್ದು:

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಅದಕ್ಕೂ ಮೊದಲಿನ ಒಂದು ಪಾಠ ಇದೆ. ನಾನು ಉಳ್ಳಾಲದ ಮನೆಯಲ್ಲಿ ಕುಳಿತು ಸಂಜೆಯ ಹೊತ್ತು ಕೀನ್ಯಾದ ಕಾಕುಮ ಶಿಬಿರದ ಯುವಕ ಯುವತಿಯರಿಗೆ ಆನ್‌ಲೈನಿನಲ್ಲಿ ಮಾರ್ಗದರ್ಶನ ಮಾಡುತ್ತೇನೆ. ಸುಡಾನಿನ ಯುದ್ಧದಿಂದ ಓಡಿಬಂದವರಿಗಾಗಿ 1992ರಲ್ಲಿ ತುರ್ಕಾನ ಪ್ರಾಂತದ ಬಿರುಬಿಸಿಲಿನ ನೆಲದಲ್ಲಿ ಎದ್ದ ಆ ಶಿಬಿರದಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಈಗ ಮೂವತ್ತು ದಾಟಿದೆ. ಡಿಜಿಟಲ್ ಕೌಶಲದ ಕಾರ್ಯಕ್ರಮಗಳು ಅಲ್ಲಿ ಬೇಕಾದಷ್ಟಿವೆ. ನೆದರ್‌ಲ್ಯಾಂಡ್ಸ್ ಸರಕಾರದ ನೆರವಿನಿಂದ 2019ರಲ್ಲಿ ಆರಂಭವಾದ, ಕಾರ್ಮಿಕ ಸಂಘಟನೆ ಐಎಲ್‌ಒ, ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್, ಯುನಿಸೆಫ್, ವಿಶ್ವಬ್ಯಾಂಕ್ ಮೊದಲಾದವು ಸೇರಿ ನಡೆಸುವ ಪ್ರಾಸ್ಪೆಕ್ಟ್ಸ್ ಎಂಬ ಯೋಜನೆಯೂ ಕೀನ್ಯಾದಲ್ಲಿ ಇಂತಹ ತರಬೇತಿ ಕೊಟ್ಟಿದೆ. ಕಲಿಯುವವರ ಜಾಣತನಕ್ಕೆ ಏನೂ ಕೊರತೆಯಿಲ್ಲ. ಕಷ್ಟ ಬರುವುದು ಕಲಿತ ಮೇಲೆ: ಕೆಲಸ ಕೊಡುವ ಜಾಲತಾಣ ಗುರುತಿನ ಚೀಟಿಯನ್ನು ಕ್ಯಾಮೆರಾಕ್ಕೆ ಹಿಡಿಯಿರಿ ಎನ್ನುತ್ತದೆ, ನಿರಾಶ್ರಿತರ ಚೀಟಿ ಅದರ ಪಟ್ಟಿಯಲ್ಲಿ ಇರುವುದಿಲ್ಲ. ಕೀನ್ಯಾ 2021ರಲ್ಲಿ ಹೊಸ ನಿರಾಶ್ರಿತರ ಕಾಯ್ದೆ ಮಾಡಿ ದುಡಿಯುವ ಹಕ್ಕಿನ ಮಾತನ್ನು ಅದರಲ್ಲಿ ಸೇರಿಸಿದೆ. ಅಮೆರಿಕದಲ್ಲಿರುವ ಒಂದು ಕಂಪನಿಯ ತಂತ್ರಾಂಶಕ್ಕೆ ಅದು ತಿಳಿಯಬೇಕಲ್ಲ.

ಇದರಿಂದ ನಾನು ಹೇಳಬೇಕೆಂದಿರುವುದು ಮೊದಲ ಪಾಠದ ಬಗ್ಗೆ. ನಿಮ್ಮ ಅಫ್ಘಾನ್ ವಿದ್ಯಾರ್ಥಿಗಳು ಇಲ್ಲಿ ತೆಗೆದುಕೊಂಡಿರುವ ಸಿಮ್ ಅವರ ವೀಸಾಕ್ಕೆ ಗಂಟು ಬಿದ್ದದ್ದು. ಜಿ-ಮೇಲ್, ಕೋರ್ಸ್‌ಗಳ ಖಾತೆ, ಪ್ರಮಾಣಪತ್ರಗಳನ್ನು ಇಟ್ಟಿರುವ ಡ್ರೈವ್, ಎಲ್ಲದಕ್ಕೂ ಒಟಿಪಿ ಬರುವುದು ಆ ಸಿಮ್ಮಿಗೆ. ಕೆಲವರು ಕಾಲೇಜು ಕೊಟ್ಟ ಇ-ಮೇಲ್ ವಿಳಾಸದಲ್ಲಿಯೇ ಎಲ್ಲವನ್ನೂ ತೆರೆದಿರುತ್ತಾರೆ, ಕೋರ್ಸ್ ಮುಗಿದು ಸ್ವಲ್ಪ ಕಾಲಕ್ಕೆ ಅದು ನಿಂತುಹೋಗುತ್ತದೆ. ನಾಳೆ ಇವರಲ್ಲಿ ಒಬ್ಬಳಿಗೆ ಜರ್ಮನಿಯಲ್ಲೋ ಕೆನಡಾದಲ್ಲೋ ಸೀಟು ಸಿಕ್ಕಿ ಹೊರಟರೆ, ಮಂಗಳೂರಿನ ಸಿಮ್ ಸತ್ತ ದಿನ ಅವಳ ನಾಲ್ಕು ವರ್ಷದ ಕೆಲಸವೆಲ್ಲ ಬೀಗ ಹಾಕಿದ ಕೋಣೆಯಲ್ಲಿ ಉಳಿಯುತ್ತದೆ. ಆದುದರಿಂದ ಮೊದಲ ಭಾನುವಾರ ಪೈಥಾನೂ ಬೇಡ, ಎಕ್ಸೆಲ್ಲೂ ಬೇಡ. ಪ್ರತಿಯೊಬ್ಬರಿಗೂ ತಮ್ಮದೇ ಆದ ಒಂದು ಇ-ಮೇಲ್ ಇರಲಿ. ಒಟಿಪಿಯ ಬದಲು ಸಿಮ್ ಇಲ್ಲದೆಯೂ ಫೋನಿನಲ್ಲಿಯೇ ಕೋಡ್ ತೋರಿಸುವ ಅಥೆಂಟಿಕೇಟರ್ ಆ್ಯಪ್ ಅಥವಾ ಬೆರಳಚ್ಚು ಇಲ್ಲವೇ ಫೋನಿನ ಬೀಗದಿಂದ ಖಾತೆ ತೆರೆಯುವ ಪಾಸ್‌ಕೀ ಹಾಕಿಸಿ. ಇವು ಕೈಕೊಟ್ಟಾಗ ಖಾತೆ ತೆರೆಯುವ ಬ್ಯಾಕಪ್ ಕೋಡ್‌ಗಳನ್ನು ಕಾಗದದ ಮೇಲೆ ಬರೆದು ಪಾಸ್‌ಪೋರ್ಟ್ ಇಡುವ ಜಾಗದಲ್ಲಿಯೇ ಇಡಲು ಹೇಳಿ.

ಎರಡನೆಯದು ಫೈಲ್. ಮೊಬೈಲಿನಲ್ಲಿಯೇ ಬೆಳೆದ ಮಕ್ಕಳಿಗೆ ಫೈಲ್ ಎಲ್ಲಿರುತ್ತದೆ ಎಂಬ ಕಲ್ಪನೆಯೇ ಇರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ವಾಟ್ಸ್ಆ್ಯಪ್‌ನಲ್ಲಿಯೇ ಇರುತ್ತದೆ ಎಂದುಕೊಂಡಿರುತ್ತಾರೆ. ವೀಡಿಯೊ ಸಂಕಲನ ಚೆನ್ನಾಗಿ ಬಲ್ಲ ಹುಡುಗನೊಬ್ಬನಿಗೆ, ಕಳುಹಿಸಿದ ಜಿಪ್ ಫೈಲನ್ನು ಬಿಡಿಸಿ ಒಳಗಿನ ಒಂದು ಪುಟವನ್ನು ತಿದ್ದಿ ಹೊಸ ಹೆಸರಿನಲ್ಲಿ ಉಳಿಸು ಎಂದರೆ ಬೆವರು ಬರುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ, ಕೆಲಸ ಕೊಡುವವರೆಲ್ಲರೂ ಇದು ಬರುತ್ತದೆ ಎಂದೇ ನಂಬಿರುತ್ತಾರೆ.

ಇನ್ನೊಂದು ಮಾತು, ಸ್ವಲ್ಪ ಖಾರವಾದರೂ ಕ್ಷಮಿಸಿ. ಸಮಾರಂಭ ಬೇಕೆನ್ನುವ ಹಿರಿಯರಿಗೆ ಫೋಟೋ ತೆಗೆಯಬಾರದು ಎಂದು ಈಗಲೇ ಹೇಳಿಬಿಡಿ. ಕಾಬೂಲಿನಲ್ಲಿಯೋ ಹೆರಾತಿನಲ್ಲಿಯೋ ಮನೆಯವರನ್ನು ಬಿಟ್ಟುಬಂದಿರುವ ಹುಡುಗಿಯ ಮುಖ ಮತ್ತು ಹೆಸರು ಮರುದಿನದ ಪತ್ರಿಕೆಯಲ್ಲಿಯೂ ಫೇಸ್‌ಬುಕ್ಕಿನಲ್ಲಿಯೂ ಬಂದರೆ ಅದರ ಪರಿಣಾಮವನ್ನು ಅನುಭವಿಸುವವರು ವೇದಿಕೆಯ ಮೇಲಿನ ಗಣ್ಯರಲ್ಲ.

ಉಡುಪಿ_ನಿವೃತ್ತ ಉತ್ತರಿಸಿದ್ದು:

ನಾನು ಬ್ಯಾಂಕಿನಲ್ಲಿದ್ದವನು. (ಐದು ಬ್ಯಾಂಕುಗಳು ಹುಟ್ಟಿದ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಇದೇನೂ ದೊಡ್ಡ ವಿಶೇಷವಲ್ಲ ಬಿಡಿ.) ದಾಖಲೆಯ ಬಗ್ಗೆ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕಾಗಲಿ 1967ರ ಪ್ರೋಟೋಕಾಲಿಗಾಗಲಿ ಸಹಿ ಹಾಕಿಲ್ಲ, ನಮ್ಮಲ್ಲಿ ನಿರಾಶ್ರಿತರಿಗೆಂದು ಪ್ರತ್ಯೇಕ ಕಾನೂನೂ ಇಲ್ಲ. ಟಿಬೆಟನ್ನರ ಮತ್ತು ಶ್ರೀಲಂಕಾ ತಮಿಳರ ವ್ಯವಹಾರವನ್ನು ಸರಕಾರವೇ ನೋಡಿಕೊಳ್ಳುತ್ತದೆ, ಅಫ್ಘಾನಿಸ್ತಾನ, ಮ್ಯಾನ್ಮಾರ್ ಮೊದಲಾದ ಕಡೆಗಳಿಂದ ಬಂದವರ ನೋಂದಣಿಯನ್ನು ಯುಎನ್‌ಎಚ್‌ಸಿಆರ್ ಮಾಡುತ್ತದೆ. ಹೀಗಾಗಿ ನಿಮ್ಮ ಒಂದೇ ಕೋಣೆಯಲ್ಲಿ ಕುಳಿತವರು ಕಾನೂನಿನ ಲೆಕ್ಕದಲ್ಲಿ ಮೂರು ಬೇರೆ ಲೋಕಗಳಲ್ಲಿ ಇದ್ದಾರೆ. ಸುಳ್ಯದವರು ಪ್ರಜೆಗಳು, ಅವರಿಗೆ ಯಾವ ತಡೆಯೂ ಇಲ್ಲ. ಟಿಬೆಟನ್ನರ ಬಳಿ ಆರ್‌ಸಿ ಎಂದು ಕರೆಯುವ ನೋಂದಣಿ ಪ್ರಮಾಣಪತ್ರ ಇರುತ್ತದೆ. 2014ರ ಟಿಬೆಟನ್ ಪುನರ್ವಸತಿ ನೀತಿಯ ಪ್ರಕಾರ ಅವರು ಖಾಸಗಿ ಉದ್ಯೋಗವನ್ನೂ ವ್ಯಾಪಾರವನ್ನೂ ಮಾಡಬಹುದು. ಹಾಗಾಗಿ ಮಣಿಪಾಲದವರು ಹೇಳಿದ ಕೆಲಸ ಅವರಿಗೆ ಸಲ್ಲುತ್ತದೆ, ಆರ್‌ಸಿಯ ಅವಧಿ ಮುಗಿಯದಂತೆ ನೋಡಿಕೊಳ್ಳಬೇಕು ಅಷ್ಟೆ. ವಿದ್ಯಾರ್ಥಿ ವೀಸಾದಲ್ಲಿರುವವರ ಸಂಗತಿ ಬೇರೆ. ಆ ವೀಸಾದಲ್ಲಿ ಇಲ್ಲಿ ದುಡಿಯಲು ಅವಕಾಶವಿಲ್ಲ. ಆನ್‌ಲೈನಿನಲ್ಲಿ ಮಾಡಿದರೆ ಯಾರಿಗೆ ಗೊತ್ತಾಗುತ್ತದೆ ಎನ್ನುವ ಮಾತನ್ನು ನಿಮ್ಮ ಎರಡನೆಯ ಇಂಜಿನಿಯರು ದಯವಿಟ್ಟು ತರಗತಿಯಲ್ಲಿ ಆಡದಿರಲಿ. ವೀಸಾ ವಿಸ್ತರಣೆಯೇ ಜೀವನಾಧಾರವಾಗಿರುವವರಿಗೆ ಅಂತಹ ಸಲಹೆ ಕೊಡುವುದು ಅಪಾಯ.

ಎರಡು ಸಣ್ಣ ವಿಷಯಗಳು ದೊಡ್ಡ ತೊಂದರೆ ಕೊಡುತ್ತವೆ. ಒಂದು, ಹೆಸರು. ಟಿಬೆಟನ್ನರಲ್ಲಿಯೂ ಅಫ್ಘಾನರಲ್ಲಿಯೂ ಮನೆತನದ ಹೆಸರೇ ಇಲ್ಲದವರು, ಒಂದೇ ಹೆಸರಿನವರು ಬಹಳ. ಜಾಲತಾಣದ ಅರ್ಜಿಯಲ್ಲಿ ಕೊನೆಯ ಹೆಸರಿನ ಚೌಕವನ್ನು ಖಾಲಿ ಬಿಡುವಂತಿಲ್ಲ. ಒಬ್ಬರು ಅದೇ ಹೆಸರನ್ನು ಎರಡು ಸಲ ಬರೆಯುತ್ತಾರೆ, ಇನ್ನೊಬ್ಬರು ಚುಕ್ಕಿ ಹಾಕುತ್ತಾರೆ, ಮತ್ತೊಬ್ಬರು ತಂದೆಯ ಹೆಸರು ಸೇರಿಸುತ್ತಾರೆ. ಪ್ಯಾನ್ ಕಾರ್ಡಿನಲ್ಲಿ ಒಂದು ರೀತಿ, ಅಂಕಪಟ್ಟಿಯಲ್ಲಿ ಒಂದು ರೀತಿ, ಕೆವೈಸಿಯಲ್ಲಿ ಇನ್ನೊಂದು ರೀತಿ ಆದ ಮೇಲೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಅವರು ಮೂವರು ಬೇರೆ ಬೇರೆ ಮನುಷ್ಯರು. ಆದುದರಿಂದ ಪ್ರತಿಯೊಬ್ಬರೂ ಹೆಸರನ್ನು ಎಲ್ಲ ಕಡೆಯೂ ಹೀಗೆಯೇ ಬರೆಯುತ್ತೇನೆ ಎಂದು ಮೊದಲೇ ನಿರ್ಧರಿಸಿಕೊಳ್ಳಲಿ. ಪಾಸ್‌ಪೋರ್ಟ್ ಅಥವಾ ಆರ್‌ಸಿಯಲ್ಲಿ ಇರುವ ರೂಪವೇ ಉತ್ತಮ.

ಎರಡು, ಖಾತೆಯನ್ನು ಬಾಡಿಗೆಗೆ ಕೊಡುವುದು. ತಿಂಗಳಿಗೆ ಇಷ್ಟು ಕೊಡುತ್ತೇವೆ, ನಿಮ್ಮ ಖಾತೆಗೆ ಹಣ ಬಂದರೆ ತೆಗೆದುಕೊಡಿ ಎಂದು ವಿದ್ಯಾರ್ಥಿಗಳ ಹಿಂದೆ ಬೀಳುವವರು ಇದ್ದಾರೆ. ಅದು ಸೈಬರ್ ವಂಚನೆಯ ಹಣ. ಊರಿನ ಹುಡುಗ ಸಿಕ್ಕಿಬಿದ್ದರೆ ಮನೆಯವರು ವಕೀಲರನ್ನು ಹಿಡಿಯುತ್ತಾರೆ, ಪರದೇಶದವನಿಗೆ ಯಾರಿದ್ದಾರೆ? ಡಿಜಿಟಲ್ ಕೌಶಲ ಎಂದರೆ ಇದೂ ಸೇರಿತು ಎಂದು ನಾನು ತಿಳಿದಿದ್ದೇನೆ.

ಸುಳ್ಯದ_ಮಗಳು ಉತ್ತರಿಸಿದ್ದು:

ನಮಸ್ಕಾರ. ನೀವು ಹೇಳಿದ ರಬ್ಬರ್ ತೋಟದ ಕುಟುಂಬವೊಂದರಿಂದಲೇ ಬಂದವಳು ನಾನು, ಈಗ ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ನಮ್ಮ ಅಜ್ಜ ಅಜ್ಜಿಯರು ಬ್ರಿಟಿಷರ ಕಾಲದಲ್ಲಿ ಶ್ರೀಲಂಕಾದ ಚಹಾ ತೋಟಕ್ಕೆಂದು ಹೋದವರ ಮಕ್ಕಳು. ಆ ದೇಶ ಸ್ವತಂತ್ರವಾದ ಮೇಲೆ ಪ್ರಜೆಗಳೆಂದು ಒಪ್ಪಿಕೊಳ್ಳದ ಕಾರಣ ಇಲ್ಲಿಗೆ ಬಂದರು. 1964ರ ಒಪ್ಪಂದದಲ್ಲಿ ಭಾರತ ಒಪ್ಪಿಕೊಂಡದ್ದು ಐದೂಕಾಲು ಲಕ್ಷ ಜನರನ್ನು. ಅದರಲ್ಲಿ ನಮ್ಮ ಸುಳ್ಯ ಪುತ್ತೂರಿಗೆ ಬಂದವರು ಒಂದು ಸಣ್ಣ ಪಾಲು.

ಹಿರಿಯರು ಹೇಳಿದಂತೆ ನಮಗೆ ಕಾನೂನಿನ ತಡೆ ಇಲ್ಲ. ತಡೆ ಇರುವುದು ಹೊತ್ತಿನಲ್ಲಿ ಮತ್ತು ದಾರಿಯಲ್ಲಿ. ಟ್ಯಾಪಿಂಗ್, ಅಂದರೆ ರಬ್ಬರ್ ಹಾಲು ಇಳಿಸಲು ಮರ ಕೆತ್ತುವುದು, ಬೆಳಗಿನ ಜಾವದಲ್ಲಿಯೇ ಆಗಬೇಕು, ಬಿಸಿಲೇರಿದರೆ ಹಾಲು ಇಳಿಯುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ಹುಷಾರಿಲ್ಲದಿದ್ದರೆ ಓದುವ ಮಕ್ಕಳೇ ಹೆಡ್‌ಲೈಟ್ ಕಟ್ಟಿಕೊಂಡು ಮರ ಕೆತ್ತಲು ಹೋಗುತ್ತಾರೆ. ಅವರು ಬೆಳಗ್ಗೆ ಹತ್ತಕ್ಕೆ ಮಂಗಳೂರಿನಲ್ಲಿ ಇರಬೇಕು ಎಂದರೆ ಆಗದ ಮಾತು. ತರಗತಿ ಮಧ್ಯಾಹ್ನದ ಮೇಲೆ ಇಟ್ಟು, ಕೊನೆಯ ಬಸ್ಸಿಗೆ ಮೊದಲು ಬಿಡಿ. ಸಾಧ್ಯವಾದರೆ ಸುಳ್ಯದಲ್ಲಿಯೇ ಎರಡು ಯಂತ್ರ ಇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ನೆಟ್‌ವರ್ಕೂ ನಂಬುವಂತಿಲ್ಲ. ಕೋಲಿಬ್ರಿ ಎಂಬ ಉಚಿತ ತಂತ್ರಾಂಶವಿದೆ, ಒಂದು ಯಂತ್ರಕ್ಕೆ ಪಾಠಗಳನ್ನು ಒಮ್ಮೆ ತುಂಬಿಸಿಟ್ಟರೆ ಇಂಟರ್‌ನೆಟ್ ಇಲ್ಲದೆಯೇ ಅಕ್ಕಪಕ್ಕದ ಯಂತ್ರ, ಫೋನುಗಳಲ್ಲಿ ತೆರೆಯಬಹುದು. ನಿರಾಶ್ರಿತರ ಶಿಬಿರಗಳ ಶಾಲೆಗಳಲ್ಲಿ ಅದನ್ನು ಬಳಸುತ್ತಾರೆ. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ 2019ರ ಸೆಪ್ಟೆಂಬರ್‌ನಿಂದ ಮುಂದಿನ ವರ್ಷದ ಆಗಸ್ಟ್‌ವರೆಗೆ ರೋಹಿಂಗ್ಯಾ ಶಿಬಿರಗಳ ಮೊಬೈಲ್ ಇಂಟರ್‌ನೆಟ್ಟನ್ನೇ ಕಡಿತಗೊಳಿಸಿದ್ದರು. ನಮ್ಮಲ್ಲಿ ಗಾಳಿಮಳೆ ಅದೇ ಕೆಲಸ ಮಾಡುತ್ತದೆ, ವ್ಯತ್ಯಾಸ ಎಂದರೆ ಎರಡು ದಿನದಲ್ಲಿ ಲೈನ್‌ಮ್ಯಾನ್ ಬರುತ್ತಾರೆ.

ಭಾಷೆಯ ವಿಷಯದಲ್ಲಿ ಹೆದರಬೇಡಿ. ನಮ್ಮವರು ಮನೆಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಮಾತಾಡಿ ಬೆಳೆದವರು. ಹೊಸ ಮೆನುವಿನ ಇಂಗ್ಲಿಷ್ ಅವರಿಗೆ ದೊಡ್ಡದಲ್ಲ.

ಕದ್ರಿಕಂಬಳ_ಮಾಸ್ತರ್ ಬರೆದದ್ದು:

ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ನಿನ್ನೆ ನಾವು ಕುಳಿತು ಮಾತನಾಡಿ ಹೀಗೆ ನಿರ್ಧರಿಸಿದ್ದೇವೆ. ಮೊದಲ ಎರಡು ಭಾನುವಾರ ಎಲ್ಲರಿಗೂ ಒಟ್ಟಿಗೆ ಖಾತೆ, ಹೆಸರು, ಫೈಲ್ ಮತ್ತು ವಂಚನೆಯ ಪಾಠ. ಅನಂತರ ಟಿಬೆಟನ್ ಮತ್ತು ಸುಳ್ಯದ ಗುಂಪಿಗೆ ಇ-ಪುಸ್ತಕದ ಕೆಲಸ. ಮಣಿಪಾಲದವರು ತಿಂಗಳಿಗೊಮ್ಮೆ ಬಂದು ನೋಡಿ ತಿದ್ದುತ್ತೇನೆ ಎಂದು ಖಾಸಗಿಯಾಗಿ ತಿಳಿಸಿದ್ದಾರೆ. ಅಫ್ಘಾನ್ ವಿದ್ಯಾರ್ಥಿಗಳಿಗೆ ಸಂಪಾದನೆಯ ಮಾತನ್ನು ಬಿಟ್ಟು, ಅವರವರ ಓದಿನ ವಿಷಯದಲ್ಲಿ ಎಲ್ಲಿಗೆ ಹೋದರೂ ತೋರಿಸಬಹುದಾದ ಎರಡು ಮೂರು ಒಳ್ಳೆಯ ಕೆಲಸಗಳನ್ನು ಸಿದ್ಧಮಾಡಿಸುವುದು. ಪೈಥಾನ್ ಕಲಿಸಬೇಕೆಂದಿದ್ದ ಇಂಜಿನಿಯರು ಅಲ್ಲಿ ಸಂತೋಷದಿಂದ ಕೂರುತ್ತಾರೆ. ಸಮಯ ಮಧ್ಯಾಹ್ನ ಎರಡರಿಂದ. ಫೋಟೋ ಇಲ್ಲ ಎಂದಾಗ ಹಿರಿಯರು ಸ್ವಲ್ಪ ಮುನಿಸಿಕೊಂಡರು, ಆದರೆ ಯಂತ್ರಗಳ ರಿಪೇರಿ ಖರ್ಚನ್ನು ಕೊಟ್ಟಿದ್ದಾರೆ.

ಉಳ್ಳಾಲದ ಮೇಡಂ ಅವರಲ್ಲಿ ಒಂದು ಪ್ರಶ್ನೆ: ಫೋನೇ ಕಳೆದುಹೋದರೆ ಅಥೆಂಟಿಕೇಟರ್ ಆ್ಯಪ್ ಸಹ ಹೋಗುವುದಿಲ್ಲವೇ?

ಉಳ್ಳಾಲ_ಸಂಜೆಪಾಠ ಉತ್ತರಿಸಿದ್ದು:

ಹೋಗುತ್ತದೆ ಸರ್, ಅದಕ್ಕೆಂದೇ ಕಾಗದದ ಬ್ಯಾಕಪ್ ಕೋಡ್. ಜಿ-ಮೇಲ್ ಒಂದು ಸಲಕ್ಕೆ ಹತ್ತು ಕೋಡ್ ಕೊಡುತ್ತದೆ, ಪ್ರತಿಯೊಂದನ್ನೂ ಒಮ್ಮೆ ಮಾತ್ರ ಬಳಸಬಹುದು. ಎರಡು ಪ್ರತಿ ಮಾಡಿಸಿ, ಒಂದು ಅವರ ಬಳಿ ಇರಲಿ, ಇನ್ನೊಂದು ಅವರು ನಂಬುವ ಬೇರೊಬ್ಬರ ಬಳಿ ಇರಲಿ. ಆದರೆ ತರಬೇತಿ ಕೇಂದ್ರದಲ್ಲಿ ಇಟ್ಟುಕೊಳ್ಳಬೇಡಿ, ಎಲ್ಲರ ಕೀಲಿ ನಿಮ್ಮ ಕಪಾಟಿನಲ್ಲಿ ಇರುವುದು ಸರಿಯಲ್ಲ. ಮರುಪ್ರಾಪ್ತಿಯ ವಿಳಾಸದಲ್ಲಿ ಕಾಲೇಜಿನ ಇ-ಮೇಲ್ ಉಳಿದಿದೆಯೇ ಎಂದು ಅದೇ ದಿನ ಪ್ರತಿಯೊಬ್ಬರದ್ದೂ ತೆರೆದು ನೋಡಿ, ಸಾಮಾನ್ಯವಾಗಿ ಉಳಿದಿರುತ್ತದೆ. ಮತ್ತೆ, ಕೋಡ್ ಬರೆದ ಕಾಗದದ ಫೋಟೋ ತೆಗೆದು ಅದೇ ಫೋನಿನಲ್ಲಿ ಇಟ್ಟುಕೊಳ್ಳುವವರು ಇಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಹುಡುಕಿ ಅಳಿಸಿಹಾಕಿಸಿ.